ನಡೆದರೆ ಕಾಲು ನೋವು: ಮಾತ್ರೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದಲ್ಲಿ ಓದುತ್ತಿದ್ದೇನೆ. ಮದ್ದಿನ ಬಗ್ಗೆ ಬರೆಯಬೇಕಾದವರು ವಿಜ್ಞಾನ ವಿಭಾಗದವರು ಎಂದು ನೀವು ಹೇಳಬಹುದು. ಆದರೆ ನಮ್ಮ ಮನೆಯ ಮದ್ದಿನ ಬಿಲ್ಲುಗಳನ್ನು ಪುಸ್ತಕದಲ್ಲಿ ಬರೆದಿಡುವ ಕೆಲಸ ನನ್ನದು. ಆ ಪುಸ್ತಕ ನೋಡಿಯೇ ನಾವು ಒಂದು ದೊಡ್ಡ ತಪ್ಪು ಮಾಡಿದೆವು. ಅದನ್ನು ತಿದ್ದಿಕೊಳ್ಳುವಾಗ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನಿಮ್ಮ ಮನೆಯಲ್ಲೂ ಹಿರಿಯರಿದ್ದರೆ ಉಪಯೋಗವಾದೀತು.

ನನ್ನ ದಾದಾಜಾನ್‌ಗೆ ಈಗ 69 ವರ್ಷ. ಬಂದರಿನ ದಿನಸಿ ಮಂಡಿಯೊಂದರಲ್ಲಿ ನಲವತ್ತು ವರ್ಷ ಲೆಕ್ಕ ಬರೆದವರು. ಎರಡು ವರ್ಷದ ಹಿಂದೆ, ಬಂದರಿನಿಂದ ಹಂಪನಕಟ್ಟೆಯ ಕಡೆಗೆ ಏರು ದಾರಿಯಲ್ಲಿ ಬರುವಾಗ ಅವರ ಬಲಗಾಲಿನ ಮೀನಖಂಡ ಹಿಡಿದುಕೊಳ್ಳಲು ಶುರುವಾಯಿತು. ಯಾವುದಾದರೂ ಅಂಗಡಿಯ ಎದುರು ಎರಡು ಮೂರು ನಿಮಿಷ ನಿಂತರೆ ನೋವು ಹೋಗುತ್ತಿತ್ತು. ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಬರುತ್ತಿತ್ತು. "ವಯಸ್ಸಾಯಿತು ಬೇಟಾ" ಎಂದು ನಗುತ್ತಿದ್ದರು. ನಾವೂ ಹಾಗೆಯೇ ತಿಳಿದೆವು. ಮೆಡಿಕಲ್‌ನಿಂದ ನೋವಿನ ಮಾತ್ರೆ, ಉಜ್ಜುವ ಮುಲಾಮು ತಂದುಕೊಟ್ಟೆವು. ಒಂದು ವರ್ಷ ಹೀಗೇ ಕಳೆಯಿತು. ಅವರು ಮಸೀದಿಗೆ ಹೋಗುವುದನ್ನು ಬಿಟ್ಟು ಮನೆಯಲ್ಲೇ ನಮಾಝ್ ಮಾಡತೊಡಗಿದ ಮೇಲೆ ಅಬ್ಬಾ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು.

ನೋವು ಕಾಲಿನಲ್ಲಿ, ಕಾಯಿಲೆ ರಕ್ತನಾಳದಲ್ಲಿ

ಹೃದಯದಿಂದ ಕಾಲಿಗೆ ರಕ್ತ ಒಯ್ಯುವ ನಾಳಗಳು ಅಪಧಮನಿಗಳು. ಅವುಗಳ ಒಳಗೋಡೆಯಲ್ಲಿ ಕೊಬ್ಬು ಕೂಡುತ್ತಾ ಹೋದರೆ ದಾರಿ ಸಣ್ಣದಾಗುತ್ತದೆ. ಇದಕ್ಕೆ ಪೆರಿಫೆರಲ್ ಆರ್ಟರಿ ಡಿಸೀಸ್, ಅಂದರೆ ಪಿ.ಎ.ಡಿ. ಎನ್ನುತ್ತಾರೆ. ಕುಳಿತಿರುವಾಗ ಸ್ನಾಯುವಿಗೆ ಸ್ವಲ್ಪ ರಕ್ತ ಸಾಕು. ನಡೆಯುವಾಗ, ಅದರಲ್ಲೂ ಏರು ಹತ್ತುವಾಗ, ಹಲವು ಪಟ್ಟು ಹೆಚ್ಚು ಬೇಕು. ಸಣ್ಣದಾದ ನಾಳ ಅಷ್ಟನ್ನು ಕೊಡಲಾರದು. ಆಗ ಸ್ನಾಯು ನೋಯುತ್ತದೆ, ನಿಂತರೆ ಬೇಡಿಕೆ ಇಳಿದು ನೋವೂ ಇಳಿಯುತ್ತದೆ. ಈ ನೋವಿಗೆ ಕ್ಲಾಡಿಕೇಶನ್ ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ಕುಂಟುವುದು ಎಂಬ ಅರ್ಥದ ಶಬ್ದದಿಂದ ಅದು ಬಂದಿದೆ.

ನಾಳ ಸ್ವಲ್ಪ ಸಣ್ಣದಾದರೆ ಇಷ್ಟು ತೊಂದರೆ ಏಕೆ ಎಂದು ವಿಜ್ಞಾನ ವಿಭಾಗದ ಗೆಳೆಯರಲ್ಲಿ ಕೇಳಿದೆ. ಉಳಿದದ್ದೆಲ್ಲ ಹಾಗೆಯೇ ಇದ್ದು ಕೊಳವೆಯ ತ್ರಿಜ್ಯ ಅರ್ಧವಾದರೆ ಹರಿವು ಅರ್ಧವಾಗುವುದಿಲ್ಲ, ಹದಿನಾರರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ ಎಂದರು. ಆ ಲೆಕ್ಕ ಕೇಳಿ ನಾನು ಗಾಬರಿಯಾದೆ.

ಎಲ್ಲ ಕಾಲು ನೋವೂ ಇದಲ್ಲ. ತುಂಬ ಹೊತ್ತು ನಿಂತರೆ ಕಾಲು ಊದಿ, ಮೇಲೆತ್ತಿ ಮಲಗಿದರೆ ಕಡಿಮೆಯಾಗುವುದು ಹೆಚ್ಚಾಗಿ ಅಭಿಧಮನಿಗಳ ತೊಂದರೆ. ಸೊಂಟದಿಂದ ಇಳಿದು ಬರುವ, ಬಾಗಿದರೆ ಅಥವಾ ಕುಳಿತರೆ ಮಾತ್ರ ಕಡಿಮೆಯಾಗುವ ನೋವು ನರದ್ದಿರಬಹುದು. ಅದಕ್ಕೇ ಪರೀಕ್ಷೆ ಬೇಕು. ಪರೀಕ್ಷೆ ಸುಲಭದ್ದು. ತೋಳಿನ ರಕ್ತದೊತ್ತಡವನ್ನೂ ಕಣಕಾಲಿನ ರಕ್ತದೊತ್ತಡವನ್ನೂ ಅಳೆದು, ಕಣಕಾಲಿನದ್ದನ್ನು ತೋಳಿನದ್ದರಿಂದ ಭಾಗಿಸುತ್ತಾರೆ. ಉತ್ತರ 0.90 ಅಥವಾ ಅದಕ್ಕಿಂತ ಕಡಿಮೆ ಬಂದರೆ ಪಿ.ಎ.ಡಿ. ಇದೆ ಎಂದರ್ಥ. ದಾದಾಜಾನ್‌ಗೆ ತೋಳಿನಲ್ಲಿ 140, ಬಲ ಕಣಕಾಲಿನಲ್ಲಿ 91 ಇತ್ತು. ಭಾಗಿಸಿದರೆ 0.65.

ಮೂರು ಮಾತ್ರೆ, ಮೂರು ಕೆಲಸ

ವೈದ್ಯರು ನೋವಿನ ಮಾತ್ರೆಯನ್ನು ಮೊದಲು ನಿಲ್ಲಿಸಿದರು. ಅದು ರಕ್ತದ ದಾರಿಯನ್ನು ತೆರೆಯುವುದಿಲ್ಲ. ದಿನವೂ ತಿಂದರೆ ಮೂತ್ರಪಿಂಡಕ್ಕೂ ಹೊಟ್ಟೆಗೂ ತೊಂದರೆ. ಅದರ ಬದಲು ಮೂರು ಮಾತ್ರೆ ಬರೆದರು.

1. ಕ್ಲೋಪಿಡೋಗ್ರೆಲ್ 75 ಮಿಲಿಗ್ರಾಂ. ರಕ್ತದಲ್ಲಿರುವ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ಗಡ್ಡೆಯಾಗುವುದನ್ನು ತಡೆಯುತ್ತದೆ. ಕೆಲವರಿಗೆ ಇದರ ಬದಲು ಕಡಿಮೆ ಪ್ರಮಾಣದ ಆಸ್ಪಿರಿನ್ ಕೊಡುತ್ತಾರೆ.

2. ಅಟೋರ್ವಾಸ್ಟಾಟಿನ್. ಕೊಲೆಸ್ಟರಾಲ್ ಇಳಿಸುತ್ತದೆ, ನಾಳದ ಗೋಡೆಯಲ್ಲಿ ಕೂಡಿರುವ ಕೊಬ್ಬು ಒಡೆದು ಗಡ್ಡೆ ಕಟ್ಟುವ ಅಪಾಯವನ್ನು ಕಡಿಮೆ ಮಾಡುತ್ತದೆ.

3. ಸಿಲೋಸ್ಟಜೋಲ್ 100 ಮಿಲಿಗ್ರಾಂ, ದಿನಕ್ಕೆ ಎರಡು ಸಲ. ನಾಳವನ್ನು ಸ್ವಲ್ಪ ಸಡಿಲಿಸಿ ನೋವಿಲ್ಲದೆ ನಡೆಯಬಹುದಾದ ದೂರವನ್ನು ಹೆಚ್ಚಿಸುತ್ತದೆ. ಊಟಕ್ಕೆ ಅರ್ಧ ಗಂಟೆ ಮೊದಲು ಅಥವಾ ಊಟವಾಗಿ ಎರಡು ಗಂಟೆಯ ನಂತರ ತೆಗೆದುಕೊಳ್ಳಬೇಕು. ತಲೆನೋವು, ಭೇದಿ, ಎದೆ ಬಡಿತ ಜೋರಾಗುವುದು ಇದರ ಅಡ್ಡ ಪರಿಣಾಮಗಳು. ಹಾರ್ಟ್ ಫೇಲ್ಯೂರ್ ಇರುವವರಿಗೆ ಇದನ್ನು ಕೊಡಲೇಬಾರದು. ಆದ್ದರಿಂದ ವೈದ್ಯರು ಮೊದಲು ಹೃದಯದ ಪರೀಕ್ಷೆ ಮಾಡಿಸಿದರು. ಪಕ್ಕದ ಮನೆಯವರಿಗೆ ಗುಣವಾಯಿತೆಂದು ಅವರ ಚೀಟಿ ಹಿಡಿದು ಈ ಮಾತ್ರೆ ತರಬಾರದು. ಮೂರು ತಿಂಗಳಲ್ಲಿ ಗುಣ ಕಾಣದಿದ್ದರೆ ಇದನ್ನು ಮುಂದುವರಿಸಬೇಕೇ ಎಂದು ವೈದ್ಯರು ಮತ್ತೆ ಯೋಚಿಸುತ್ತಾರೆ.

ಪೆಂಟಾಕ್ಸಿಫೈಲಿನ್ ಎಂಬ ಹಳೆಯ ಮಾತ್ರೆಯೂ ಒಂದಿದೆ. ಅಮೆರಿಕದ ಹೃದ್ರೋಗ ತಜ್ಞರ ಸಂಘಗಳು 2016ರ ಮಾರ್ಗಸೂಚಿಯಲ್ಲಿ ಈ ನೋವಿಗೆ ಅದು ಪರಿಣಾಮಕಾರಿಯಲ್ಲ ಎಂದು ಹೇಳಿವೆ.

ನಾವು ಮಾಡಿದ ತಪ್ಪು

ಕಳೆದ ವರ್ಷ ನನ್ನ ಕಾಲೇಜು ಫೀಸು ಕಟ್ಟುವ ತಿಂಗಳು ಮನೆಯಲ್ಲಿ ದುಡ್ಡು ಸಾಲಲಿಲ್ಲ. ಎಲ್ಲಿ ಉಳಿಸಬಹುದು ಎಂದು ಚಾಚಾ ಕೇಳಿದಾಗ ನಾನು ಮದ್ದಿನ ಪುಸ್ತಕ ತೆರೆದೆ. ಸಿಲೋಸ್ಟಜೋಲ್‌ನಿಂದ ಗುಣ ಕಾಣುತ್ತಿತ್ತು, ದಾದಾಜಾನ್ ಹೆಚ್ಚು ದೂರ ನಡೆಯುತ್ತಿದ್ದರು. ಉಳಿದ ಎರಡರಿಂದ ಏನಾದರೂ ಗೊತ್ತಾಗುತ್ತದೆಯೇ ಎಂದು ಅವರನ್ನೇ ಕೇಳಿದೆವು. "ಏನೂ ಗೊತ್ತಾಗುವುದಿಲ್ಲ. ಮೊದಲು ಮಗುವಿನ ಫೀಸು ಕಟ್ಟಿ" ಎಂದರು. ಗೊತ್ತಾಗದ ಎರಡು ಮಾತ್ರೆಗಳನ್ನು ನಿಲ್ಲಿಸಿದೆವು. ಆ ಎರಡು ಸಾಲುಗಳ ಮೇಲೆ ಗೆರೆ ಎಳೆದದ್ದು ನಾನೇ.

ಹತ್ತೊಂಬತ್ತು ದಿನಗಳ ನಂತರ ತಪಾಸಣೆಗೆ ಹೋದಾಗ ವೈದ್ಯರಿಗೆ ವಿಷಯ ತಿಳಿಯಿತು. ಅವರು ಬೈಯಲಿಲ್ಲ, ನನ್ನನ್ನು ಕುಳ್ಳಿರಿಸಿ ವಿವರಿಸಿದರು. ಕಾಲಿನ ನಾಳ ಕಟ್ಟಿದ್ದರೆ ಹೃದಯದ, ಮೆದುಳಿನ ನಾಳಗಳೂ ಹಾಗೆಯೇ ಆಗುತ್ತಿರುವ ಸಾಧ್ಯತೆ ಹೆಚ್ಚು. ಪಿ.ಎ.ಡಿ. ಇರುವವರಿಗೆ ಕಾಲಿಗಿಂತ ದೊಡ್ಡ ಅಪಾಯ ಹೃದಯಾಘಾತ ಮತ್ತು ಪಾರ್ಶ್ವವಾಯು. ಸಿಲೋಸ್ಟಜೋಲ್ ಇರುವುದು ನಡಿಗೆಗೆ. ಜೀವ ಕಾಯುವುದು ನಾವು ನಿಲ್ಲಿಸಿದ ಎರಡು.

ಅಲ್‌ಹಮ್ದುಲಿಲ್ಲಾಹ್, ಆ ಹತ್ತೊಂಬತ್ತು ದಿನಗಳಲ್ಲಿ ಏನೂ ಆಗಲಿಲ್ಲ. ಬಸ್ಸಿನಲ್ಲಿ ಬರುವಾಗ ನಾನು ಮಾತಾಡಲಿಲ್ಲ. ದಾದಾಜಾನ್‌ರೇ ಹೇಳಿದರು: "ಬೆಂಕಿ ಬೀಳದ ವರ್ಷ ಕಟ್ಟಿದ ವಿಮೆಯ ಕಂತು ದಂಡವಾಯಿತು ಎಂದು ನಮ್ಮ ಮಂಡಿಯಲ್ಲಿ ಯಾರೂ ಹೇಳುತ್ತಿರಲಿಲ್ಲ. ನಾನೂ ಮರೆತೆ."

ಖರ್ಚಿಗೆ ಬೇರೆ ದಾರಿ ಇತ್ತು, ನಾವು ಕೇಳಿರಲಿಲ್ಲ. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಅಟೋರ್ವಾಸ್ಟಾಟಿನ್ ಮೂರೂ ಭಾರತದ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿವೆ. ಆ ಪಟ್ಟಿಯ ಮದ್ದುಗಳಿಗೆ ಸರಕಾರ ಗರಿಷ್ಠ ಬೆಲೆ ನಿಗದಿ ಮಾಡುತ್ತದೆ. 2008ರಲ್ಲಿ ಆರಂಭವಾದ ಜನೌಷಧಿ ಯೋಜನೆಯ ಅಂಗಡಿಗಳಲ್ಲಿ ಅದೇ ಮದ್ದು ಕಂಪನಿಯ ಹೆಸರಿಲ್ಲದೆ, ಜೆನೆರಿಕ್ ರೂಪದಲ್ಲಿ, ಇನ್ನೂ ಕಡಿಮೆಗೆ ಸಿಗುತ್ತದೆ. ವೈದ್ಯರಲ್ಲಿ ಕೇಳಿ ಜೆನೆರಿಕ್‌ಗೆ ಬದಲಾಯಿಸಿದೆವು. ಮೂರೂ ಮಾತ್ರೆಗಳು ಪುಸ್ತಕಕ್ಕೆ ಮರಳಿದವು.

ಬೀಡಿಯ ಖಾತೆ

ಈಗ ಮನೆಯಲ್ಲಿ ಹೇಳಲು ಕಷ್ಟವಾದ ಮಾತು. ದಾದಾಜಾನ್ ಹದಿನಾರನೇ ವಯಸ್ಸಿನಿಂದ ಬೀಡಿ ಸೇದುತ್ತಿದ್ದರು. ನಮ್ಮ ದಾದಿ ಬೀಡಿ ಕಟ್ಟುತ್ತಿದ್ದರು. ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತಿ, ಬ್ರಾಂಚಿಗೆ ಒಯ್ದು ಕೊಟ್ಟ ದುಡ್ಡಿನಲ್ಲಿ ಅಬ್ಬಾ ಶಾಲೆ ಕಲಿತರು. ಮಂಗಳೂರಿನಲ್ಲಿ ಇಂಥ ಮನೆಗಳು ಎಷ್ಟೋ ಇವೆ. ಜಾತಿ, ಧರ್ಮ, ಮನೆಮಾತು ಬೇರೆಯಾದರೂ ಬೀಡಿ ಕಟ್ಟಿದ ಕೈ ಒಂದೇ. ಆ ದುಡಿಮೆಗೆ ನಾನು ಋಣಿ. ಆದರೆ ದಾದಿಯನ್ನು ಸಾಕಿದ್ದು ಬೀಡಿ ಕಟ್ಟುವ ಕೆಲಸ, ದಾದಾಜಾನ್‌ರ ನಾಳ ಕಟ್ಟಿದ್ದು ಬೀಡಿ ಸೇದುವ ಚಟ. ಎರಡನ್ನೂ ಒಂದೇ ಪುಟದಲ್ಲಿ ಬರೆಯಬೇಕಾಗಿದೆ.

ಇದು ಮುದುಕರ ಕಾಯಿಲೆ ಎಂದು ನಮ್ಮ ವಯಸ್ಸಿನವರು ನಿಶ್ಚಿಂತರಾಗುವಂತಿಲ್ಲ. 1908ರಲ್ಲಿ ನ್ಯೂಯಾರ್ಕಿನ ವೈದ್ಯ ಲಿಯೋ ಬರ್ಗರ್ ವಿವರಿಸಿದ ಬರ್ಗರ್ ಕಾಯಿಲೆ ಬರುವುದು ಹೆಚ್ಚಾಗಿ ತಂಬಾಕು ಬಳಸುವ, 45 ವರ್ಷದೊಳಗಿನ ಗಂಡಸರಿಗೆ. ಕೈಕಾಲುಗಳ ಸಣ್ಣ ನಾಳಗಳು ಉರಿಯೂತದಿಂದ ಮುಚ್ಚಿ ಬೆರಳು ಕಪ್ಪಾಗುತ್ತದೆ, ಕತ್ತರಿಸಬೇಕಾಗಿಯೂ ಬರುತ್ತದೆ. ತಂಬಾಕನ್ನು ಪೂರ್ತಿ ಬಿಡದೆ ಯಾವ ಮಾತ್ರೆಯೂ ಅದನ್ನು ತಡೆಯದು. ದಿನಕ್ಕೆ ಒಂದೆರಡು ಸೇದಿದರೂ ಕಾಯಿಲೆ ಮುಂದುವರಿಯುತ್ತದೆ. ಕರ್ನಾಟಕದಲ್ಲಿ ಈಗ 21 ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ. ಗೂಡಂಗಡಿಯವರು ಕೊಟ್ಟರೂ ನಾವು ಕೈ ಚಾಚಬಾರದು.

ದುಡ್ಡಿಲ್ಲದ ಮದ್ದು

ಈ ನೋವಿಗೆ ನಡಿಗೆಯೇ ಒಳ್ಳೆಯ ಮದ್ದುಗಳಲ್ಲಿ ಒಂದು. ನೋವು ಸಾಕಷ್ಟು ಬರುವವರೆಗೆ ನಡೆಯಬೇಕು, ನಿಲ್ಲಬೇಕು, ನೋವು ಹೋದ ಮೇಲೆ ಮತ್ತೆ ನಡೆಯಬೇಕು. ಹೀಗೆ ಒಂದು ಸಲಕ್ಕೆ 30ರಿಂದ 45 ನಿಮಿಷ, ವಾರಕ್ಕೆ ಕನಿಷ್ಠ ಮೂರು ದಿನ, ಕನಿಷ್ಠ 12 ವಾರ. ವೈದ್ಯರು ಒಪ್ಪಿದ ಮೇಲೆ ಫಜ್ರ್ ನಮಾಝಿನ ನಂತರ ನಾವಿಬ್ಬರೂ ನೆಹರೂ ಮೈದಾನಕ್ಕೆ ಹೋಗತೊಡಗಿದೆವು. ಏರಿಲ್ಲದ ಜಾಗ ಅದು. ಮೊದಲ ದಿನ 160 ಹೆಜ್ಜೆಗೆ ನಿಂತರು. ನಾನು ಅದನ್ನೂ ಪುಸ್ತಕದಲ್ಲಿ ಬರೆದೆ.

ಮನೆಯವರು ನೆನಪಿಡಬೇಕಾದದ್ದು

ರಕ್ತ ಕಡಿಮೆ ಹೋಗುವ ಕಾಲಿನಲ್ಲಿ ಸಣ್ಣ ಗಾಯವೂ ಬೇಗ ಮಾಯುವುದಿಲ್ಲ. ಸಕ್ಕರೆ ಕಾಯಿಲೆಯೂ ಇದ್ದರೆ ಗಾಯ ಗೊತ್ತೇ ಆಗದಿರಬಹುದು. ನಾವು ದಿನಕ್ಕೆ ಐದು ಸಲ ವುಝೂ ಮಾಡುವಾಗ ಕಾಲ್ಬೆರಳುಗಳ ಸಂದಿಯನ್ನೂ ತೊಳೆಯುತ್ತೇವೆ. ಆಗ ಒಮ್ಮೆಯಾದರೂ ಬೆಳಕಿನಲ್ಲಿ ಪಾದ ನೋಡಿ, ಸಂದಿಗಳನ್ನು ಒರೆಸಿಕೊಳ್ಳಬೇಕು. ಹಿರಿಯರಿಗೆ ಬಗ್ಗಲು ಆಗದಿದ್ದರೆ ನಾವು ನೋಡಬೇಕು. ಬಿಸಿನೀರಿನ ಶಾಖ ಕೊಡಬಾರದು. ಬರಿಗಾಲಲ್ಲಿ ನಡೆಯಬಾರದು.

ರಮಝಾನ್ ಉಪವಾಸಕ್ಕೆ ಮೊದಲೇ ಮಾತ್ರೆಯ ಸಮಯವನ್ನು ವೈದ್ಯರಲ್ಲಿ ಕೇಳಿ ಬದಲಾಯಿಸಿಕೊಳ್ಳಬೇಕು. ಸ್ವಂತ ತೀರ್ಮಾನದಿಂದ ಬಿಡಬಾರದು.

ಕಾಲು ಒಮ್ಮೆಲೇ ತಣ್ಣಗಾಗಿ, ಬಿಳಿಚಿಕೊಂಡು, ತೀವ್ರ ನೋವು ಬಂದರೆ ಅಥವಾ ಮರಗಟ್ಟಿದರೆ 108ಕ್ಕೆ ಕರೆ ಮಾಡಿ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಗಂಟೆಗಳ ಲೆಕ್ಕ. ರಾತ್ರಿ ಮಲಗಿದಾಗಲೂ ಪಾದ ನೋಯತೊಡಗಿದರೆ, ಗಾಯ ಮಾಯದಿದ್ದರೆ, ಕಾಯದೆ ವೈದ್ಯರನ್ನು ಕಾಣಬೇಕು. ಅಂಥವರಿಗೆ ನಾಳ ತೆರೆಯುವ ಚಿಕಿತ್ಸೆ ಬೇಕಾಗಬಹುದು.

ದಾದಾಜಾನ್ ಬೀಡಿ ಬಿಟ್ಟು ಹನ್ನೊಂದು ತಿಂಗಳಾಯಿತು. ಕಾಯಿಲೆ ಹೋಗಿಲ್ಲ, ಮಾತ್ರೆಗಳೂ ಇವೆ. ಆದರೆ ಕಳೆದ ಶುಕ್ರವಾರ ಜುಮಾ ನಮಾಝಿಗೆ ಮಸೀದಿಗೆ ನಡೆದೇ ಹೋದರು, ದಾರಿಯಲ್ಲಿ ಒಂದೇ ಸಲ ನಿಂತರು. ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಅಜ್ಜನಲ್ಲಿ ಒಂದು ಪ್ರಶ್ನೆ ಕೇಳಿ: "ನಡೆಯುವಾಗ ಎಷ್ಟು ದೂರಕ್ಕೆ ಕಾಲು ಹಿಡಿಯುತ್ತದೆ?" ನಾವು ಅದನ್ನು ಕೇಳಲು ಒಂದು ವರ್ಷ ತಡಮಾಡಿದೆವು.