ಎಂಜಿನ್ನಿನ ಮೆದುಳು ಕೆಟ್ಟಾಗ



ಬರದ ವರ್ಷಗಳಲ್ಲಿ ನಮ್ಮ ಜತ್ತ ತಾಲೂಕಿನ ಹಳ್ಳಿಗಳಿಗೆ ನೀರಿನ ಟ್ಯಾಂಕರ್ ಎಂದರೆ ಏನೆಂಬುದನ್ನು ನಿಮಗೆ ವಿವರಿಸಬೇಕಾಗಿಲ್ಲ. ಕೊಡಗಳ ಸಾಲಿನಲ್ಲಿ ನಿಂತವರು ನೀವೇ. ಅಂಥದೊಂದು ಬೇಸಿಗೆಯಲ್ಲಿ ಹತ್ತನೆಯ ತರಗತಿಯ ಹುಡುಗನೊಬ್ಬ ನಾಲ್ಕು ದಿನ ಶಾಲೆಗೆ ಬರಲಿಲ್ಲ. ವಿಚಾರಿಸಲು ಮನೆಗೆ ಹೋದೆ. ತಂದೆ ಸಾಲ ಮಾಡಿ ಕೊಂಡ ಟ್ಯಾಂಕರ್ ಲಾರಿ ಅಂಗಳದಲ್ಲಿ ನಿಂತಿತ್ತು. "ಸರ್, ಗಾಡಿಯ ಕಂಪ್ಯೂಟರ್ ಹೋಗಿದೆ. ನಾನು ಶಾಲೆ ಬಿಟ್ಟು ಗ್ಯಾರೇಜು ಸೇರುತ್ತೇನೆ. ಅಲ್ಲಿ ಓದು ಬೇಕಾಗಿಲ್ಲ" ಎಂದ ಹುಡುಗ. ಅವನ ಮಾತು ಎಷ್ಟು ನಿಜ ಎಂಬುದನ್ನು ಆ ಲಾರಿಯೇ ಅವನಿಗೆ ತೋರಿಸಿಕೊಟ್ಟಿತು. ಆ ಪಾಠವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹಳೆಯ ಎಂಜಿನ್ನು, ಹೊಸ ಎಂಜಿನ್ನು

ಹಿಂದಿನ ಲಾರಿಗಳಲ್ಲಿ ಡೀಸೆಲನ್ನು ಅಳೆದು ಕೊಡುವ ಕೆಲಸವನ್ನು ಹಲ್ಲುಗಾಲಿಗಳಿಂದ ನಡೆಯುವ ಪಂಪೇ ಮಾಡುತ್ತಿತ್ತು. ಅನುಭವವುಳ್ಳ ಮಿಸ್ತ್ರಿ ಶಬ್ದ ಕೇಳಿಯೇ ದೋಷ ಹೇಳುತ್ತಿದ್ದ. ಆದರೆ ಹೊಗೆಯಿಂದ ಜನರ ಆರೋಗ್ಯಕ್ಕೆ ಆಗುವ ಹಾನಿಯನ್ನು ಕಡಿಮೆ ಮಾಡಲು ಸರಕಾರ ನಿಯಮಗಳನ್ನು ಬಿಗಿಗೊಳಿಸುತ್ತ ಬಂದಿತು. ಭಾರತ್ ಸ್ಟೇಜ್ ನಾಲ್ಕು ೨೦೧೭ರ ಏಪ್ರಿಲ್ ೧ರಿಂದಲೂ, ಐದನ್ನು ಬಿಟ್ಟು ನೇರವಾಗಿ ಆರು ೨೦೨೦ರ ಏಪ್ರಿಲ್ ೧ರಿಂದಲೂ ದೇಶಕ್ಕೆಲ್ಲ ಅನ್ವಯವಾದವು. ಇಷ್ಟು ಸೂಕ್ಷ್ಮವಾದ ಅಳತೆ ಹಳೆಯ ಪಂಪಿಗೆ ಕಷ್ಟ. ಆದ್ದರಿಂದ ಎಂಜಿನ್ನಿಗೆ ಗಣಕಯಂತ್ರ ಬಂದಿತು. ಗ್ಯಾರೇಜಿನವರು ಇದನ್ನು ಇ.ಸಿ.ಎಂ. ಅಥವಾ ಇ.ಸಿ.ಯು. ಎನ್ನುತ್ತಾರೆ.

ಇದು ನೋಡಲು ಒಂದು ಲೋಹದ ಪೆಟ್ಟಿಗೆ. ಎಂಜಿನ್ನಿನ ಬಿಸಿ, ಗಾಳಿಯ ಒತ್ತಡ, ಡೀಸೆಲಿನ ಒತ್ತಡ, ಚಾಲಕನ ಕಾಲು ಎಷ್ಟು ಒತ್ತಿದೆ ಎಂಬುದು, ಇವನ್ನೆಲ್ಲ ಸಂವೇದಕಗಳು ಅದಕ್ಕೆ ತಿಳಿಸುತ್ತವೆ. ಎಂಜಿನ್ನಿನ ತಿರುಗುವಿಕೆಯನ್ನು ಒಂದು ಹಲ್ಲುಚಕ್ರದಿಂದ ಎಣಿಸುತ್ತದೆ. ಅನೇಕ ಎಂಜಿನ್ನುಗಳಲ್ಲಿ ಆ ಚಕ್ರಕ್ಕೆ ೬೦ ಹಲ್ಲುಗಳ ಜಾಗವಿದ್ದು, ಅದರಲ್ಲಿ ೨ನ್ನು ಬೇಕೆಂದೇ ಬಿಟ್ಟಿರುತ್ತಾರೆ. ಆ ಖಾಲಿ ಜಾಗವೇ ಎಣಿಕೆಯ ಗುರುತು.

ಒಂದು ಲೆಕ್ಕ ಮಾಡೋಣ. ಎಂಜಿನ್ನು ನಿಮಿಷಕ್ಕೆ ೧೫೦೦ ಸುತ್ತು ತಿರುಗಿದರೆ ಸೆಕೆಂಡಿಗೆ ೨೫ ಸುತ್ತು. ಪ್ರತಿ ಸಿಲಿಂಡರಿಗೆ ಎರಡು ಸುತ್ತಿಗೊಮ್ಮೆ ಡೀಸೆಲ್ ಬೇಕು. ಆರು ಸಿಲಿಂಡರುಗಳಿದ್ದರೆ ಸೆಕೆಂಡಿಗೆ ೭೫ ಸಲ ಇಂಜೆಕ್ಟರುಗಳ ಬಾಯಿ ತೆರೆಯಬೇಕು. ಪ್ರತಿ ಸಲವೂ ಯಾವಾಗ, ಎಷ್ಟು ಹೊತ್ತು ಎಂಬುದನ್ನು ಆ ಪೆಟ್ಟಿಗೆಯೇ ನಿರ್ಧರಿಸುತ್ತದೆ.

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ನಮ್ಮ ಹುಡುಗನ ತಂದೆಯ ಲಾರಿ ನಡುದಾರಿಯಲ್ಲಿ ತಾನಾಗಿ ನಿಲ್ಲುತ್ತಿತ್ತು. ಹಳದಿ ದೀಪ ಉರಿಯುತ್ತಿತ್ತು. ಮೊದಲು ಬಂದವರು ಏನನ್ನೂ ಅಳೆಯದೆ, "ಕಂಪ್ಯೂಟರ್ ಹೋಗಿದೆ" ಎಂದು ಹೇಳಿ ಗುಜರಿಯಿಂದ ಹಳೆಯ ಪೆಟ್ಟಿಗೆಯೊಂದನ್ನು ತಂದು ಜೋಡಿಸಿದರು. ಎಂಜಿನ್ನು ನಡುಗಿತು, ಕಪ್ಪು ಹೊಗೆ ಉಗುಳಿತು. ಕೊಟ್ಟ ಹಣ ಹೋಯಿತು, ಲಾರಿ ಮಾತ್ರ ಏಳಲಿಲ್ಲ.

ಆಮೇಲೆ ಬಂದವರು ವಿಜಯಪುರದ ಕಡೆಯ ಒಬ್ಬ ಹಿರಿಯ ಮಿಸ್ತ್ರಿ. ಅವರು ಮೊದಲು ಹಳೆಯ ಪೆಟ್ಟಿಗೆಯನ್ನೇ ಮರಳಿ ಜೋಡಿಸಿ, ಹುಡುಗನ ಕೈಗೆ ವಹಿ ಕೊಟ್ಟು, "ನಾನು ಹೇಳಿದ್ದನ್ನು ಬರೆದುಕೋ" ಎಂದರು. ಅವರು ನೋಡಿದ ಕ್ರಮ ಹೀಗಿತ್ತು.

ಒಂದು, ಬ್ಯಾಟರಿ. ಲಾರಿಯಲ್ಲಿ ೧೨ ವೋಲ್ಟಿನ ಎರಡು ಬ್ಯಾಟರಿಗಳು ಸೇರಿ ೨೪ ವೋಲ್ಟು. ಪೂರ್ಣ ತುಂಬಿದ್ದರೆ ೨೫ಕ್ಕೆ ತುಸು ಹೆಚ್ಚು ತೋರಿಸಬೇಕು. ಎಂಜಿನ್ನು ನಡೆಯುವಾಗ ಸುಮಾರು ೨೮. ವೋಲ್ಟು ಕುಸಿದರೆ ಒಳ್ಳೆಯ ಪೆಟ್ಟಿಗೆಯೂ ಕೆಟ್ಟುದರಂತೆ ವರ್ತಿಸುತ್ತದೆ.

ಎರಡು, ಅರ್ಥ್ ತಂತಿ. ತುಕ್ಕು ಹಿಡಿದ ತಂತಿ ಹೊರೆಯಿಲ್ಲದಾಗ ಸರಿಯಾಗಿಯೇ ಕಾಣುತ್ತದೆ. ಹೊರೆ ಬಿದ್ದಾಗ ಸೋಲುತ್ತದೆ. ಆದ್ದರಿಂದ ಸ್ಟಾರ್ಟರ್ ತಿರುಗುವಾಗಲೇ ಅದನ್ನು ಅಳೆಯಬೇಕು.

ಮೂರು, ಜೋಡಣೆಯ ಪಿನ್ನುಗಳು. ನೀರು, ಹಸಿರು ಕಿಲುಬು, ಬಾಗಿದ ಪಿನ್ನು, ಇಲಿ ಕಡಿದ ತಂತಿ, ಇವುಗಳಲ್ಲಿ ಯಾವುದಾದರೂ ಸಾಕು.

ನಾಲ್ಕು, ಸಂವೇದಕಗಳಿಗೆ ಪೆಟ್ಟಿಗೆ ಕೊಡುವ ೫ ವೋಲ್ಟು. ಈ ಲಾರಿಯಲ್ಲಿ ಅದೇ ಇರಲಿಲ್ಲ. ಆದರೂ ಮಿಸ್ತ್ರಿ ಪೆಟ್ಟಿಗೆಯನ್ನು ದೂರಲಿಲ್ಲ. ಒಂದು ಸಂವೇದಕ ಒಳಗೆ ಷಾರ್ಟ್ ಆಗಿದ್ದರೂ ಎಲ್ಲದರ ೫ ವೋಲ್ಟನ್ನು ಕೆಳಗೆಳೆಯಬಲ್ಲದು. ಆದ್ದರಿಂದ ಸಂವೇದಕಗಳನ್ನು ಒಂದೊಂದಾಗಿ ಬಿಚ್ಚಿದರು. ಬಳಿಕ ಪೆಟ್ಟಿಗೆಯ ಬುಡದಲ್ಲಿ ಆ ತಂತಿಯನ್ನೇ ಬೇರ್ಪಡಿಸಿ ನೋಡಿದರು. ಆಗಲೂ ೫ ವೋಲ್ಟು ಬರಲಿಲ್ಲ. ಪೆಟ್ಟಿಗೆಗೆ ಹೋಗುವ ವಿದ್ಯುತ್ತು, ಅರ್ಥ್ ಎರಡೂ ಸರಿಯಾಗಿದ್ದವು. ಆಗ ಮಾತ್ರ, "ಈಗ ಹೇಳಬಹುದು, ಪೆಟ್ಟಿಗೆಯೇ ಕೆಟ್ಟಿದೆ" ಎಂದರು.

ಕಾರಣವನ್ನೂ ಕೇಳಿ ತಿಳಿದರು. ಹದಿನೈದು ದಿನಗಳ ಹಿಂದೆ ಟ್ಯಾಂಕಿನ ಮುರಿದ ಪಟ್ಟಿಗೆ ವೆಲ್ಡಿಂಗ್ ಮಾಡಿಸಿದ್ದರು. ಬ್ಯಾಟರಿ ತಂತಿ ಬಿಚ್ಚಿರಲಿಲ್ಲ. ವೆಲ್ಡಿಂಗಿನ ವಿದ್ಯುತ್ತು ದಾರಿ ತಪ್ಪಿ ಪೆಟ್ಟಿಗೆಯೊಳಗೆ ಹರಿದರೆ ಅದರ ಸೂಕ್ಷ್ಮ ಭಾಗಗಳು ಸುಡುತ್ತವೆ. ಪಾಲಕರು ಇದನ್ನು ಮರೆಯಬಾರದು: ವೆಲ್ಡಿಂಗಿಗೆ ಮೊದಲು ಬ್ಯಾಟರಿಯನ್ನೂ ಪೆಟ್ಟಿಗೆಯ ಜೋಡಣೆಯನ್ನೂ ಬಿಚ್ಚಬೇಕು, ವೆಲ್ಡಿಂಗಿನ ಅರ್ಥನ್ನು ಬೆಸೆಯುವ ಜಾಗದ ಹತ್ತಿರವೇ ಹಿಡಿಸಬೇಕು.

ಬದಲಾಯಿಸುವ ಕ್ರಮ

ಪೆಟ್ಟಿಗೆಯನ್ನು ಟಯರಿನಂತೆ ಬಿಚ್ಚಿ ಹಾಕಿದರೆ ಮುಗಿಯಲಿಲ್ಲ. ಟಯರಿಗೆ ನೆನಪಿಲ್ಲ, ಈ ಪೆಟ್ಟಿಗೆಗೆ ಇದೆ. ಹಳೆಯದು ಇನ್ನೂ ಮಾತನಾಡುತ್ತಿದ್ದರೆ ಅದರಲ್ಲಿರುವ ಮಾಹಿತಿಯನ್ನು ಮೊದಲು ಓದಿ ಕಾಪಿಟ್ಟುಕೊಳ್ಳಬೇಕು. ಕೀಲಿ ತೆಗೆದ ಮೇಲೆ ಕೆಲವು ನಿಮಿಷ ಕಾದು ಬ್ಯಾಟರಿ ಬಿಚ್ಚಬೇಕು. ಹೊಸದರ ಭಾಗಸಂಖ್ಯೆ ಹಳೆಯದಕ್ಕೆ ಹೊಂದಬೇಕು. ಅನಂತರ ಆ ಲಾರಿಯ ಚಾಸಿ ಸಂಖ್ಯೆಗೆ ತಕ್ಕ ಕ್ರಮವಿಧಿಯನ್ನು ಅಧಿಕೃತ ಉಪಕರಣದಿಂದ ಅದರೊಳಗೆ ಬರೆಯಬೇಕು.

ಇನ್ನೊಂದು ಮುಖ್ಯ ವಿಷಯವಿದೆ. ಒಂದೇ ಕಾರ್ಖಾನೆಯ ಎರಡು ಇಂಜೆಕ್ಟರುಗಳು ಕೂಡ ಕೂದಲೆಳೆಯಷ್ಟು ಬೇರೆಯಾಗಿರುತ್ತವೆ. ಆ ವ್ಯತ್ಯಾಸವನ್ನು ಅನೇಕ ಎಂಜಿನ್ನುಗಳಲ್ಲಿ ಪ್ರತಿ ಇಂಜೆಕ್ಟರಿನ ಮೇಲೆ ಸಂಕೇತವಾಗಿ ಕೊರೆದಿರುತ್ತಾರೆ. ಗುಜರಿಯ ಪೆಟ್ಟಿಗೆಯಲ್ಲಿ ಇದ್ದುದು ಬೇರೆ ಲಾರಿಯ ಕ್ರಮವಿಧಿ, ಬೇರೆ ಇಂಜೆಕ್ಟರುಗಳ ಸಂಕೇತ. ಎಂಜಿನ್ನು ನಡುಗಿದ್ದರಲ್ಲಿ ಆಶ್ಚರ್ಯವಿಲ್ಲ. ಈ ಸಲ ಆರು ಸಂಕೇತಗಳನ್ನೂ ನಮ್ಮ ಹುಡುಗನೇ ಓದಿ ಹೇಳಿದ. ಮಿಸ್ತ್ರಿ ಎರಡು ಸಲ ಓದಿಸಿ ನಮೂದಿಸಿದರು. ಒಂದು ಅಕ್ಷರ ತಪ್ಪಿದ್ದರೂ ಆ ಸಿಲಿಂಡರಿಗೆ ತಪ್ಪು ಅಳತೆಯ ಡೀಸೆಲು. ಆಮೇಲೆ ಹಳೆಯ ದೋಷಸಂಕೇತಗಳನ್ನು ಅಳಿಸಿ, ನೀರು ತುಂಬಿ ಓಡಿಸಿ, ಮತ್ತೊಮ್ಮೆ ಪರೀಕ್ಷಿಸಿದರು. ದೀಪ ಉರಿಯಲಿಲ್ಲ. ಮರುದಿನ ಟ್ಯಾಂಕರು ಊರಿಗೆ ಹೋಯಿತು.

ಓದುವುದೆಂದರೇನು?

ನಾನು ಕನ್ನಡ ಶಿಕ್ಷಕ. ಈ ಪ್ರಸಂಗದಲ್ಲಿ ನನಗೆ ಕಂಡದ್ದು ಭಾಷೆಯ ಪಾಠ. ದೋಷಸಂಕೇತಗಳಲ್ಲಿ "ಪಿ ೦೨೦೧" ಎಂಬುದೊಂದಿದೆ. ಅವಸರದವನು ಅದನ್ನು "ಒಂದನೆಯ ಇಂಜೆಕ್ಟರ್ ಕೆಟ್ಟಿದೆ" ಎಂದು ಓದುತ್ತಾನೆ. ಆದರೆ ಅದರ ಅರ್ಥ, "ಒಂದನೆಯ ಇಂಜೆಕ್ಟರಿನ ವಿದ್ಯುತ್ ಮಂಡಲದಲ್ಲಿ ದೋಷ" ಎಂದು. ಮಂಡಲವೆಂದರೆ ಇಂಜೆಕ್ಟರು, ತಂತಿ, ಪಿನ್ನು, ಪೆಟ್ಟಿಗೆ ಎಲ್ಲವೂ ಸೇರಿದ್ದು. ಒಂದು ಶಬ್ದವನ್ನು ಬಿಟ್ಟು ಓದಿದ್ದಕ್ಕೆ ಬಡವನ ಒಂದು ತಿಂಗಳ ದುಡಿಮೆ ಹೋದೀತು. ವಾಕ್ಯದಲ್ಲಿ ಇದ್ದುದನ್ನಷ್ಟೇ ಓದಿ, ಇಲ್ಲದ್ದನ್ನು ಸೇರಿಸಬೇಡಿ ಎಂದು ತರಗತಿಯಲ್ಲಿ ನಾನು ಹೇಳುವುದು ಇದನ್ನೇ.

ಗ್ಯಾರೇಜಿನ ಕೆಲಸ ಕೀಳಲ್ಲ. ಅದು ಗೌರವದ ವಿದ್ಯೆ. ಆದರೆ ಓದು ಬೇಡವಾದ ವಿದ್ಯೆ ಅಲ್ಲ. ಐ.ಟಿ.ಐ.ಯ ಡೀಸೆಲ್ ಮೆಕ್ಯಾನಿಕ್ ಶಿಕ್ಷಣಕ್ಕೂ ಹತ್ತನೆಯ ತರಗತಿ ಪಾಸಾಗಿರಬೇಕು. ಹುಡುಗ ಐದನೆಯ ದಿನ ಶಾಲೆಗೆ ಬಂದ. ಅವನ ವಹಿಯ ಕೊನೆಯ ಪುಟಗಳಲ್ಲಿ ವೋಲ್ಟುಗಳ ಲೆಕ್ಕವಿತ್ತು. ನಾನು ಅದಕ್ಕೆ ಕೆಂಪು ಶಾಯಿಯಿಂದ ಸಹಿ ಹಾಕಿದೆ.

ಅಭ್ಯಾಸ

೧. ಎಂಜಿನ್ನು ನಿಮಿಷಕ್ಕೆ ೨೦೦೦ ಸುತ್ತು ತಿರುಗಿದರೆ, ನಾಲ್ಕು ಸಿಲಿಂಡರುಗಳಿಗೆ ಸೆಕೆಂಡಿಗೆ ಒಟ್ಟು ಎಷ್ಟು ಸಲ ಡೀಸೆಲ್ ಬೇಕು?
೨. ೫ ವೋಲ್ಟು ಇಲ್ಲದಿದ್ದರೂ ಮಿಸ್ತ್ರಿ ಕೂಡಲೇ ಪೆಟ್ಟಿಗೆಯನ್ನು ದೂರಲಿಲ್ಲವೇಕೆ?
೩. "ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು" ಎಂಬ ಗಾದೆಯನ್ನು ನಿಮ್ಮ ಊರಿನ ಒಂದು ಪ್ರಸಂಗದಿಂದ ವಿವರಿಸಿರಿ.