ಭಗಂದರ: ಹಿಡಿತ ಮೊದಲು, ವಾಸಿ ಆಮೇಲೆ

1. ‘ಪೈಲ್ಸ್ ಆಗಿದೆ ಡಾಕ್ಟ್ರೇ’ ಎಂದು ಬರುವವರಲ್ಲಿ ಎಷ್ಟೋ ಜನರಿಗೆ ಇರುವುದು ಭಗಂದರ, ಅಂದರೆ ಫಿಸ್ಟುಲಾ. ಕುರು ಏಳುತ್ತದೆ, ಒಡೆಯುತ್ತದೆ, ಒಣಗಿತು ಎನ್ನುವಷ್ಟರಲ್ಲಿ ಮತ್ತೆ ಕೀವು. ಮಾತ್ರೆ ನುಂಗಿದರೆ ಸೋರುವುದು ಕಡಿಮೆಯಾದೀತು. ಗುದನಾಳದೊಳಗಿನ ಬಾಯಿ ತೆರೆದೇ ಇರುತ್ತದೆ.

2. ಚಾಕು ಹಿಡಿಯುವ ಮೊದಲು ನಾನು ಕೇಳುವ ಪ್ರಶ್ನೆ: ‘ಗ್ಯಾಸ್ ತಡೆದುಕೊಳ್ಳಲು ಆಗುತ್ತಾ? ಬಟ್ಟೆ ಕಲೆಯಾಗುತ್ತಾ?’ ಹೆರಿಗೆಯಲ್ಲಿ ಹೊಲಿಗೆ ಬಿದ್ದ ಹೆಂಗಸರನ್ನಂತೂ ಕೇಳಲೇಬೇಕು, ತಾವಾಗಿ ಹೇಳುವವರು ಕಡಿಮೆ. ಒಳಬಾಯಿಯಿಂದ ಹೊರಚರ್ಮದವರೆಗಿನ ಸುರಂಗವು ಮಲ ಹಿಡಿದಿಡುವ ಸ್ಫಿಂಕ್ಟರ್ ಸ್ನಾಯುವಿನ ತಳಭಾಗವನ್ನಷ್ಟೇ ದಾಟಿದ್ದರೆ ಸೀಳಿ ತೆರೆದಿಡುವುದೇ ಒಳ್ಳೆಯ ಚಿಕಿತ್ಸೆ. ಮೇಲೆ ದಾಟಿದ್ದನ್ನೂ ಹಾಗೆಯೇ ಸೀಳಿದರೆ ಭಗಂದರ ವಾಸಿಯಾದೀತು, ಮಲದ ಹಿಡಿತ ತಪ್ಪೀತು.

3. ಮರುಕಳಿಸಿದ ಕೇಸಿಗೆ ಎಂಆರ್‌ಐ ಇಲ್ಲದೆ ಕೈ ಹಾಕುವುದಿಲ್ಲ. ಕವಲುಗಳು ಸ್ಪಷ್ಟವಾಗಿ ಕಾಣುವುದು ಅದರಲ್ಲೇ. ಟೇಬಲ್ಲಿನ ಮೇಲೆ ಹೊರಬಾಯಿಯಿಂದ ಸಿರಿಂಜಿನಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಬಿಟ್ಟರೆ ಒಳಬಾಯಿಯಲ್ಲಿ ಬಿಳಿ ನೊರೆ ಉಕ್ಕುತ್ತದೆ. ಪ್ರೋಬನ್ನು ಒತ್ತಿ ತಳ್ಳಬಾರದು. ಇಲ್ಲದ ದಾರಿಯನ್ನು ನಾವೇ ಕೊರೆದಂತಾಗುತ್ತದೆ.

4. ಕೀವು ತುಂಬಿದ್ದರೆ ಮೊದಲು ಸಡಿಲವಾದ ದಾರ, ಅಂದರೆ ಸೀಟನ್. ಅದು ಕೊಯ್ಯುವುದಿಲ್ಲ, ಕೀವು ಹರಿಯಲು ದಾರಿ ಬಿಡುತ್ತದೆ, ಅಷ್ಟೇ. ಕ್ರೋನ್ಸ್ ಕಾಯಿಲೆಯವರಿಗೆ ಇದರ ಜೊತೆ ಇನ್‌ಫ್ಲಿಕ್ಸಿಮ್ಯಾಬ್‌ನಂಥ ಔಷಧ.

5. ನಾನು ಎಂ.ಎಸ್. ಓದಿದವನು. ಆದರೂ ಆಯುರ್ವೇದದ ಕ್ಷಾರಸೂತ್ರಕ್ಕೆ, ಅಂದರೆ ಸುರಂಗದೊಳಗೆ ಕಟ್ಟುವ ಔಷಧ ಲೇಪಿಸಿದ ದಾರಕ್ಕೆ, ಮೂಗು ಮುರಿಯುವ ಸಹೋದ್ಯೋಗಿಗಳನ್ನು ಒಪ್ಪಲಾರೆ. ಲಿನನ್ ದಾರಕ್ಕೆ 21 ಲೇಪ: ಮೊದಲ 11 ಬರೀ ಎಲೆಗಳ್ಳಿ ಹಾಲು, ಮುಂದಿನ 7 ಹಾಲು ಮತ್ತು ಉತ್ತರಾಣಿ ಕ್ಷಾರ, ಕೊನೆಯ 3 ಹಾಲು ಮತ್ತು ಅರಿಶಿನ. ವಾರಕ್ಕೊಮ್ಮೆ ಹಳೆಯ ದಾರದ ತುದಿಗೆ ಹೊಸದನ್ನು ಗಂಟು ಹಾಕಿ, ಒಳಗೆ ಎಳೆದು, ಹಳೆಯದನ್ನು ಕತ್ತರಿಸಿ ತೆಗೆಯಬೇಕು. ಆ ದಿನ ಉರಿ ಜೋರು. ಬೆಚ್ಚಗಿನ ನೀರಿನ ಟಬ್ಬೇ ಗತಿ. ಐಸಿಎಂಆರ್ ಹಲವು ಆಸ್ಪತ್ರೆಗಳಲ್ಲಿ ಹೋಲಿಸಿ ನೋಡಿ 1991ರಲ್ಲಿ ಪ್ರಕಟಿಸಿತು: ಶಸ್ತ್ರಚಿಕಿತ್ಸೆಯಲ್ಲಿ 4 ವಾರಕ್ಕೆ ವಾಸಿ, ಮರುಕಳಿಸಿದ್ದು ಶೇ. 11, ಕ್ಷಾರಸೂತ್ರದಲ್ಲಿ 8 ವಾರ, ಮರುಕಳಿಸಿದ್ದು ಶೇ. 4. ಹಾಗೆಂದು ಇದು ‘ಆಪರೇಷನ್ ಇಲ್ಲದ’ ಚಿಕಿತ್ಸೆಯಲ್ಲ. ಕ್ಷಾರವೂ ಸ್ನಾಯುವನ್ನು ಕೊಯ್ಯುತ್ತದೆ, ನಿಧಾನವಾಗಿ. ಎತ್ತರದ, ಕವಲೊಡೆದ ಸುರಂಗಕ್ಕೆ ಎಲ್ಲೆಂದರಲ್ಲಿ ಕಟ್ಟಿಸಿಕೊಳ್ಳಬೇಡಿ.

6. ಸ್ನಾಯು ಉಳಿಸಬೇಕಾದಲ್ಲಿ ನನ್ನ ಒಲವು ಲಿಫ್ಟ್ ಕಡೆಗೆ. 2007ರಲ್ಲಿ ಥಾಯ್ಲೆಂಡಿನ ಅರುಣ್ ರೋಜನಸಕುಲ್ ಪ್ರಕಟಿಸಿದ ವಿಧಾನ; ಒಳ ಮತ್ತು ಹೊರ ಸ್ಫಿಂಕ್ಟರ್ ಸ್ನಾಯುಗಳ ನಡುವೆ ಹೊಕ್ಕು ಸುರಂಗವನ್ನು ಕಟ್ಟಿ ಕತ್ತರಿಸುವುದು. ಇದೂ ಕೆಲವರಲ್ಲಿ ಸೋಲುತ್ತದೆ; ಸೋತರೂ ಹಿಡಿತ ಸಾಮಾನ್ಯವಾಗಿ ಕೆಡುವುದಿಲ್ಲ. ಸುರಂಗಕ್ಕೆ ತುಂಬುವ ಫೈಬ್ರಿನ್ ಅಂಟಿನ ಮೇಲೆ ನನಗೆ ನಂಬಿಕೆಯಿಲ್ಲ. ಲೇಸರ್? ಕ್ಲಿನಿಕ್ಕುಗಳ ಬೋರ್ಡಿನಲ್ಲಿ ಬರೆದಷ್ಟು ಖಾತ್ರಿ ಅದಕ್ಕಿಲ್ಲ.

7. ಕೆರೆದು ತೆಗೆದ ಅಂಗಾಂಶವನ್ನು ಬಕೆಟ್ಟಿಗೆ ಹಾಕದೆ ಲ್ಯಾಬಿಗೆ ಕಳಿಸಬೇಕು. ನಮ್ಮಲ್ಲಿ ಕ್ಷಯ ಇಲ್ಲೂ ಅಡಗಿರುತ್ತದೆ; ಅದಿದ್ದರೆ ಕನಿಷ್ಠ 6 ತಿಂಗಳ ಮಾತ್ರೆ ಇಲ್ಲದೆ ಎಷ್ಟು ಕೊಯ್ದರೂ ಗಾಯ ಮಾಯುವುದಿಲ್ಲ. ಡಿಸ್‌ಚಾರ್ಜ್ ಆಗುವಾಗ ‘ಬಯಾಪ್ಸಿಗೆ ಕಳಿಸಿದ್ದೀರಾ?’ ಎಂದು ನೀವೇ ಕೇಳಿ, ರಿಪೋರ್ಟನ್ನು ಫೈಲಿನಲ್ಲಿ ಇಟ್ಟುಕೊಳ್ಳಿ.