ಒಂದು ಚೂರು ಬೆಲ್ಲ

ಮನುಷ್ಯನ ನಾಲಗೆ ಮೊದಲು ಒಲಿಯುವುದು ಸಿಹಿಗೆ. ಕೂಸು ಮೊಟ್ಟಮೊದಲು ಸವಿಯುವ ತಾಯಿಯ ಹಾಲೇ ನಸುಸಿಹಿ. ಕಾಡುಮೇಡುಗಳಲ್ಲಿ ಅಲೆದು ಆಹಾರ ಅರಸುತ್ತಿದ್ದ ನಮ್ಮ ಪೂರ್ವಿಕರಿಗೆ ಸಿಹಿಯೆಂದರೆ ಮಾಗಿದ ಹಣ್ಣು, ಮೈಗೆ ಬಲ ಕೊಡುವ ತಿನಿಸು. ಷಡ್ರಸಗಳನ್ನು ಎಣಿಸುವಾಗ ಹಿರಿಯರು ಮಧುರವನ್ನೇ ಮೊದಲು ಹೇಳಿದರು. ಆದುದರಿಂದ ಸಿಹಿಯನ್ನು ಬಯಸುವುದು ತಪ್ಪೇನೂ ಅಲ್ಲ; ಅದು ಹುಟ್ಟಿನೊಡನೆ ಬಂದ ಗುಣ. ಆ ಬಯಕೆಯನ್ನು ತಣಿಸುವ ಬಗೆ ಯಾವುದು? ಸಿಹಿಯನ್ನೇ ತೊರೆಯುವುದೆ? ಸಾಕೆನಿಸುವವರೆಗೆ ತಿನ್ನುವುದೆ? ಇವೆರಡರ ನಡುವೆ ಇನ್ನೊಂದು ದಾರಿಯುಂಟು. ಅದು ನಮ್ಮ ಮನೆಗಳಿಗೆ ಹೊಸದಲ್ಲ.

ಕರಾವಳಿ ಮತ್ತು ಮಲೆನಾಡಿನ ಮನೆಗಳಲ್ಲಿ ಬಿಸಿಲಲ್ಲಿ ಬಂದ ಅತಿಥಿಗೆ ಮೊದಲು ಬೆಲ್ಲ ನೀರು ಕೊಡುವ ವಾಡಿಕೆಯಿದೆ. ಒಂದು ಚೂರು ಬೆಲ್ಲ, ಒಂದು ತಂಬಿಗೆ ತಣ್ಣೀರು. ಬಂದವರು ಬೆಲ್ಲವನ್ನು ಬಾಯಲ್ಲಿಟ್ಟು, ನೀರು ಕುಡಿದು, ದಣಿವಾರಿಸಿಕೊಂಡ ಮೇಲೆಯೇ ಮಾತು. ಹಬ್ಬದೂಟಕ್ಕೆ ಕುಳಿತಾಗಲೂ ಎಲೆಯ ಮೂಲೆಗೆ ಒಂದು ಚಮಚ ಪಾಯಸ ಬೀಳುತ್ತದೆ. ಯುಗಾದಿಯಂದು ಬೆಲ್ಲದೊಡನೆ ಬೇವು ಬೆರೆಯುತ್ತದೆ. ಸಂಕ್ರಾಂತಿಯ ಎಳ್ಳು ಬೆಲ್ಲದಲ್ಲಿ ಎಳ್ಳು, ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆಗಳೊಡನೆ ಬೆಲ್ಲದ ಪುಟ್ಟ ಚೂರುಗಳು ಕೂಡಿರುತ್ತವೆ. ಅದನ್ನು ಮನೆಮನೆಗೆ ಹಂಚಿದ ಮೇಲೆಯೇ ಹಬ್ಬ ಮುಗಿಯುವುದು. ಈ ಎಲ್ಲ ಆಚರಣೆಗಳಲ್ಲೂ ಸಿಹಿಗೆ ಒಂದು ಹೊತ್ತು, ಒಂದು ಅಳತೆ, ಜೊತೆಗೆ ಒಬ್ಬರಾದರೂ ಪಾಲುಗಾರರು ಇದ್ದರು ಎಂಬುದನ್ನು ಗಮನಿಸಬೇಕು.

ಈ ಅಳತೆಗೆ ಕಾರಣ ಕೇವಲ ಬಡತನವೆಂದು ತಿಳಿಯಬಾರದು. ಸಿಹಿಯ ಹಿಂದಿನ ದುಡಿಮೆ ಜನರ ಕಣ್ಣೆದುರಿಗೆ ಇತ್ತು. ಆಲೆಮನೆಯಲ್ಲಿ ಕಬ್ಬು ಅರೆದು, ಹಾಲನ್ನು ದೊಡ್ಡ ಕೊಪ್ಪರಿಗೆಯಲ್ಲಿ ಗಂಟೆಗಟ್ಟಲೆ ಕಾಯಿಸಿ, ಕೊಳೆ ತೆಗೆದು, ಪಾಕ ನೋಡಿ ಅಚ್ಚಿಗೆ ಹೊಯ್ಯಬೇಕು. ಸುಮಾರು 10 ಕಿಲೋಗ್ರಾಮ್ ಕಬ್ಬಿನಿಂದ ದೊರೆಯುವುದು 1 ಕಿಲೋಗ್ರಾಮಿನಷ್ಟು ಬೆಲ್ಲ ಮಾತ್ರ. ಹೀಗೆ ದೊರೆತದ್ದನ್ನು ಜನರು ಚೂರುಚೂರಾಗಿಯೇ ಬಳಸಿದರು. 1930ರ ದಶಕದಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ತಲೆಯೆತ್ತಿತು. ಕಾಲಕ್ರಮೇಣ ಸಕ್ಕರೆ ಎಲ್ಲರ ಕೈಗೆಟುಕಿತು. ಅದು ಒಳ್ಳೆಯದೇ. ಆದರೆ ಕೈಗೆಟುಕಿದ ವಸ್ತುವಿನ ಮೇಲೆ ಗಮನ ಕಡಿಮೆಯಾಗುವುದು ಲೋಕರೂಢಿ.

ಇಂದು ಸಿಹಿಗೆ ಹೊತ್ತುಗೊತ್ತಿಲ್ಲ. ಬೆಳಗಿನ ಕಾಫಿಯಲ್ಲಿ ಅದಿದೆ, ಬಿಸ್ಕತ್ತಿನಲ್ಲಿದೆ, ಶಾಲೆಯ ಮುಂದಿನ ಅಂಗಡಿಯ ಚಾಕೊಲೇಟಿನಲ್ಲಿದೆ, ಸಿಹಿಯೆಂದು ನಾವು ಎಣಿಸದ ಟೊಮೇಟೊ ಸಾಸಿನಲ್ಲಿಯೂ ಇದೆ. ಆಹಾರಕ್ಕೆ ಸೇರಿಸಿದ ಸಕ್ಕರೆ, ಜೇನು ಮುಂತಾದವುಗಳಿಂದ ದೊರೆಯುವ ಶಕ್ತಿಯು ದಿನದ ಒಟ್ಟು ಆಹಾರಶಕ್ತಿಯ ಶೇಕಡಾ 10ಕ್ಕಿಂತ ಕಡಿಮೆಯಿರಬೇಕು, ಶೇಕಡಾ 5ಕ್ಕಿಂತ ಕಡಿಮೆಯಾದರೆ ಇನ್ನೂ ಲೇಸು ಎಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಸಲಹೆ ನೀಡಿತು. ಶೇಕಡಾ 5 ಎಂದರೆ ವಯಸ್ಕರಿಗೆ ದಿನಕ್ಕೆ ಸುಮಾರು 25 ಗ್ರಾಮ್, ಅಂದರೆ ಆರು ಸಣ್ಣ ಚಮಚ. ಅಂಗಡಿಯಲ್ಲಿ ದೊರೆಯುವ ಅನೇಕ ಸಿಹಿ ಪಾನೀಯಗಳ 300 ಮಿಲಿಲೀಟರ್ ಬಾಟಲಿಯೊಂದರಲ್ಲಿಯೇ 30 ಗ್ರಾಮಿನಷ್ಟು ಸಕ್ಕರೆ ಇರುತ್ತದೆ. ಐದು ನಿಮಿಷದಲ್ಲಿ, ಸ್ನೇಹಿತರೊಡನೆ ಹರಟುತ್ತ, ಒಂದು ದಿನದ ಪಾಲನ್ನೂ ಮೀರಿ ನಾವು ಕುಡಿದಿರುತ್ತೇವೆ; ಏನು ಕುಡಿದೆವೆಂಬುದು ನೆನಪಿನಲ್ಲಿಯೂ ಉಳಿಯುವುದಿಲ್ಲ.

ಇದರ ಫಲವನ್ನು ಮೊದಲು ಹೇಳುವವು ಹಲ್ಲುಗಳು. ಹಲ್ಲಿಗೆ ಅಂಟಿದ ಸಕ್ಕರೆಯನ್ನು ಬಾಯಿಯಲ್ಲಿರುವ ಸೂಕ್ಷ್ಮಜೀವಿಗಳು ಆಮ್ಲವಾಗಿ ಮಾರ್ಪಡಿಸುತ್ತವೆ. ಆ ಆಮ್ಲ ಹಲ್ಲಿನ ಹೊದಿಕೆಯನ್ನು ಸವೆಸುತ್ತದೆ. ಮಧುಮೇಹದ ಮಾತು ಇನ್ನೂ ಗಂಭೀರವಾದುದು. ಭಾರತದಲ್ಲಿ ಸುಮಾರು 10 ಕೋಟಿ ಜನರಿಗೆ ಈ ರೋಗವಿದೆಯೆಂದು 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವೊಂದು ತಿಳಿಸಿತು. ಈ ರೋಗಕ್ಕೆ ಸಕ್ಕರೆಯೊಂದೇ ಕಾರಣವಲ್ಲ. ವಂಶಗುಣ, ಮೈಯ ತೂಕ, ಮೈಬಗ್ಗಿಸಿ ದುಡಿಯದ ಬದುಕು ಇವೂ ಕಾರಣಗಳು. ಆದರೆ ಅಳತೆಯಿಲ್ಲದ ಸಿಹಿ ತೂಕವನ್ನು ಏರಿಸಿ ರೋಗಕ್ಕೆ ಹಾದಿ ಮಾಡಿಕೊಡುತ್ತದೆ. ಬೆಲ್ಲವೂ ಬಹುಪಾಲು ಸಕ್ಕರೆಯೇ ಆದುದರಿಂದ ಅದನ್ನು ಔಷಧವೆಂದು ಭಾವಿಸಿ ಹೆಚ್ಚು ತಿನ್ನುವುದೂ ಸಲ್ಲದು.

ಇಷ್ಟನ್ನು ಕೇಳಿದೊಡನೆ ಸಿಹಿಯನ್ನು ಮನೆಯಿಂದಲೇ ಹೊರಗಟ್ಟಬೇಕೆಂದು ಕೆಲವರು ಹೊರಡುತ್ತಾರೆ. ಆದರೆ ಎತ್ತರದ ನಾಗಂದಿಗೆಯ ಮೇಲೆ ಅಡಗಿಸಿಟ್ಟ ಉಂಡೆಯ ಡಬ್ಬಕ್ಕೇ ಮಕ್ಕಳ ಕೈ ಮೊದಲು ಹೋಗುವುದನ್ನು ಯಾವ ತಾಯಿ ಅರಿಯಳು? ಹೆದರಿ, ಕದ್ದು, ಅವಸರದಲ್ಲಿ ನುಂಗಿದ ಸಿಹಿ ಹೊಟ್ಟೆಗೆ ಹೋಗುತ್ತದೆ, ಮನಸ್ಸಿಗೆ ತಲುಪುವುದಿಲ್ಲ. ಆದುದರಿಂದ ಕಲಿಯಬೇಕಾದದ್ದು ಸವಿಯುವ ಬಗೆಯನ್ನು.

ಸವಿ ಪ್ರಮಾಣದಲ್ಲಿಲ್ಲ ಎಂಬುದನ್ನು ನೀವೇ ಪರೀಕ್ಷಿಸಿ ನೋಡಬಹುದು. ಮೈಸೂರು ಪಾಕು ತಿಂದು ಕಾಫಿ ಕುಡಿದರೆ ಸಕ್ಕರೆ ಹಾಕಿದ ಕಾಫಿಯೂ ಸಪ್ಪೆಯೆನಿಸುತ್ತದೆ. ಸಿಹಿಗೆ ಒಗ್ಗಿದ ನಾಲಗೆ ಮುಂದಿನ ಸಿಹಿಯನ್ನು ಅಷ್ಟಾಗಿ ಗುರುತಿಸದು. ಲಡ್ಡುವಿನ ಮೊದಲ ತುತ್ತಿನ ರುಚಿ ಐದನೆಯ ತುತ್ತಿನಲ್ಲಿ ಇರುವುದಿಲ್ಲ. ಆದರೂ ಆ ಮೊದಲ ರುಚಿಯನ್ನು ಹುಡುಕುತ್ತ ನಾವು ಆರನೆಯದಕ್ಕೆ ಕೈಚಾಚುತ್ತೇವೆ. ಇನ್ನೊಂದು ಪರೀಕ್ಷೆ: ಹುಣಸೆ ಬೀಜದಷ್ಟು ಬೆಲ್ಲವನ್ನು ನಾಲಗೆಯ ಮೇಲಿಟ್ಟು, ಅಗಿಯದೆ, ಕಣ್ಣು ಮುಚ್ಚಿ, ತಾನಾಗಿ ಕರಗಲು ಬಿಡಿ. ಮೊದಲು ಸಿಹಿ, ಆಮೇಲೆ ಕಬ್ಬಿನ ಕಂಪು, ಕೊನೆಗೆ ಉಪ್ಪಿನ ಸುಳಿವೂ ದೊರೆಯಬಹುದು. ಅವಸರದಲ್ಲಿ ಅಗಿದು ನುಂಗಿದ ಮುದ್ದೆ ಬೆಲ್ಲದಲ್ಲಿ ಇವನ್ನೆಲ್ಲ ಕಾಣಲಾರೆವು. ಬಲ್ಲವನೇ ಬಲ್ಲ ಬೆಲ್ಲದ ಸವಿಯ ಎಂಬ ಗಾದೆ ಇದಕ್ಕೂ ಒಪ್ಪುತ್ತದೆ.

ನಾನು ಹಳ್ಳಿಯ ಶಾಲೆಯಲ್ಲಿ ಕಲಿಸುತ್ತಿದ್ದ ದಿನಗಳಲ್ಲಿ ಸ್ವಾತಂತ್ರ್ಯ ದಿನದಂದು ಧ್ವಜವಂದನೆಯಾದ ಬಳಿಕ ಮಕ್ಕಳಿಗೆ ಪೆಪ್ಪರಮಿಂಟು ಹಂಚುತ್ತಿದ್ದೆವು. ಕೆಲವರು ಅದನ್ನು ಕೆನ್ನೆಯಲ್ಲಿ ಒತ್ತರಿಸಿಕೊಂಡು ಮನೆ ಮುಟ್ಟುವವರೆಗೂ ಕರಗದಂತೆ ಕಾಯುತ್ತಿದ್ದರು. ಇನ್ನು ಕೆಲವರು ಅಂಗಿಯ ಚುಂಗಿನಲ್ಲಿ ಅದನ್ನು ಸುತ್ತಿ, ಹಲ್ಲಿನಿಂದ ಕಚ್ಚಿ ಒಡೆದು, ‘ಗುಬ್ಬಿ ಎಂಜಲು’ ಮಾಡಿ ಗೆಳೆಯನಿಗೆ ಕೊಡುತ್ತಿದ್ದರು. ಬಟ್ಟೆ ಅಡ್ಡವಿದ್ದರೆ ಎಂಜಲಿನ ದೋಷವಿಲ್ಲವೆಂಬುದು ಮಕ್ಕಳ ಶಾಸ್ತ್ರ! ವೈದ್ಯರು ಈ ಶಾಸ್ತ್ರವನ್ನು ಒಪ್ಪಲಾರರು. ಆದರೆ ಒಂದು ಪೆಪ್ಪರಮಿಂಟಿನ ಅರ್ಧದಲ್ಲಿ ಇಬ್ಬರು ಪಡೆಯುತ್ತಿದ್ದ ಸಂತೋಷಕ್ಕೆ ನಾನು ಸಾಕ್ಷಿ.

ಸಿಹಿಯನ್ನು ಬಯಸಿದಾಗ ಕೆಲವು ನಿಯಮಗಳನ್ನು ಪಾಲಿಸುವುದು ಕಷ್ಟವಲ್ಲ. ಹಸಿದ ಹೊಟ್ಟೆಗೆ ಸಿಹಿಯನ್ನು ತುಂಬದೆ ಊಟ ಮಾಡಬೇಕು. ಊಟದ ಕೊನೆಗೆ ಚಿಕ್ಕ ಚೂರು ಸಾಕು. ಡಬ್ಬಿಯಿಂದ ನೇರವಾಗಿ ತಿನ್ನದೆ ತಟ್ಟೆಗೆ ಹಾಕಿಕೊಳ್ಳಬೇಕು. ಕುಳಿತು, ಓದು ನೋಟಗಳನ್ನು ಬದಿಗಿಟ್ಟು, ನಿಧಾನವಾಗಿ ತಿನ್ನಬೇಕು. ಬಾಳೆಹಣ್ಣು, ಸೀಬೆ, ಮಾವು ದೊರೆಯುವ ಕಾಲದಲ್ಲಿ ಅವುಗಳಿಗೆ ಮೊದಲ ಮಣೆ ಹಾಕಬೇಕು. ತಿಂದ ಮೇಲೆ ಬಾಯಿ ಮುಕ್ಕಳಿಸಬೇಕು. ಮಧುಮೇಹವುಳ್ಳವರು ವೈದ್ಯರ ಮಾತನ್ನೇ ಅಳತೆಯಾಗಿ ಇಟ್ಟುಕೊಳ್ಳಬೇಕು.

ಅತಿಯಾದರೆ ಅಮೃತವೂ ವಿಷ ಎಂದು ಹಿರಿಯರು ಎಚ್ಚರಿಸಿದರು. ಅವರೇ ಅತಿಥಿಯ ಕೈಯಲ್ಲಿ ಬೆಲ್ಲದ ಚೂರನ್ನೂ ಇಟ್ಟರು. ಈ ಎರಡರಲ್ಲಿ ವಿರೋಧವಿಲ್ಲ. ಮಿತಿಯನ್ನು ಅರಿತವನಿಗೆ ಸಿಹಿ ಕೊನೆಯವರೆಗೂ ಸಿಹಿಯಾಗಿಯೇ ಉಳಿಯುತ್ತದೆ.

ಅಭ್ಯಾಸ

1. ಬೆಲ್ಲ ನೀರು ಕೊಡುವ ವಾಡಿಕೆಯನ್ನು ವಿವರಿಸಿರಿ.
2. ಸಿಹಿಯನ್ನು ಅಡಗಿಸಿಡುವುದರಿಂದ ಪ್ರಯೋಜನವಿಲ್ಲವೆಂದು ಲೇಖಕರು ಹೇಳಲು ಕಾರಣವೇನು?
3. ‘ಸವಿ ಪ್ರಮಾಣದಲ್ಲಿಲ್ಲ’ ಎಂಬ ಮಾತನ್ನು ಪಾಠದ ಉದಾಹರಣೆಗಳೊಡನೆ ಸಮರ್ಥಿಸಿರಿ.
4. ನಿಮ್ಮ ಊರಿನ ಹಬ್ಬವೊಂದರ ಸಿಹಿತಿನಿಸನ್ನು ಕುರಿತು ಹತ್ತು ವಾಕ್ಯ ಬರೆಯಿರಿ.